ದತ್ತು ತಂದ ಮಗಳಿಗೆ ರಾತ್ರಿ ಭಯ, ಸ್ನಾನ ಅಂದ್ರೂ ಭಯ. ಹೊಸ ಮನೆಗೆ ಒಗ್ಗಿಸೋದು ಹೇಗೆ?

ಕುವೆಂಪುನಗರದ_ಅಮ್ಮ

ಎಲ್ರಿಗೂ ನಮಸ್ಕಾರ. ನಾವಿರೋದು ಮೈಸೂರು, ಕುವೆಂಪುನಗರ. ಕಾರಾದಲ್ಲಿ, ಅಂದ್ರೆ ದತ್ತು ವಿಷಯ ನೋಡ್ಕೊಳೋ ಕೇಂದ್ರ ಸರ್ಕಾರದ ಸಂಸ್ಥೇಲಿ, ರಿಜಿಸ್ಟರ್ ಮಾಡಿ ವರ್ಷಗಟ್ಲೆ ಕಾದ ಮೇಲೆ ಈ ಸಲ ಮಳೆಗಾಲ ಶುರುವಾಗೋ ಹೊತ್ತಿಗೆ ಮಗಳು ಮನೆಗೆ ಬಂದ್ಲು. ನಾಲ್ಕೂವರೆ ವರ್ಷ. ಕಲಬುರಗಿ ಕಡೆ ಒಂದು ದತ್ತು ಕೇಂದ್ರದಲ್ಲಿ ಬೆಳೆದ ಮಗು. ದತ್ತು ಮಂಜೂರು ಮಾಡೋ ಡಿಸಿ ಆರ್ಡರೂ ಆಯ್ತು, ಕಾಗದಪತ್ರದ ಕೆಲಸ ಎಲ್ಲಾ ಸಲೀಸಾಗಿ ಮುಗೀತು, ಆದ್ರೆ ಮಗು ಮನಸ್ಸಿನ ವಿಷಯದಲ್ಲಿ ಮಾತ್ರ ಏನ್ ಮಾಡ್ಬೇಕು ಅಂತ ದಿಕ್ಕೇ ತೋಚ್ತಿಲ್ಲ, ಅದಕ್ಕೆ ಬರೀತಿದೀನಿ, ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಮೊದ್ಲು ತುಂಬಾ ಚೆನ್ನಾಗಿದ್ಲು. ಕೊಟ್ಟಿದ್ದು ತಿಂತಿದ್ಲು, ಕೂರು ಅಂದ ಕಡೆ ಕೂರ್ತಿದ್ಲು, ಹಟ ಇಲ್ಲ ಅಳು ಇಲ್ಲ. ನೋಡಿದವ್ರೆಲ್ಲಾ ಎಷ್ಟು ಒಳ್ಳೆ ಮಗು ಕಣೇ, ಪುಣ್ಯ ಮಾಡಿದ್ದೆ ಅಂದ್ರು. ಆಮೇಲೆ ಒಂದೊಂದಾಗಿ ಶುರುವಾಯ್ತು. ಬಾತ್‌ರೂಮಿಗೆ ಕರ್ಕೊಂಡು ಹೋಗಿ ಶವರ್ ಬಿಟ್ರೆ ಚೀರಾಡ್ತಾಳೆ, ನನ್ನ ಸೀರೆ ಬಿಗಿಯಾಗಿ ಹಿಡ್ಕೊಂಡು ನಡುಗ್ತಾಳೆ. ರಾತ್ರಿ ಮಲಗಿ ಎರಡು ಗಂಟೆ ಆಗಿರಲ್ಲ, ಇದ್ದಕ್ಕಿದ್ದಂಗೆ ಎದ್ದು ಕೂತು ಕಣ್ಣು ಬಿಟ್ಕೊಂಡೇ ಕಿರುಚ್ತಾಳೆ, ನಾನು ಅಮ್ಮ ಕಣೋ ಅಂದ್ರೂ ನನ್ನ ಗುರುತೇ ಇಲ್ದಂಗೆ ದೂಡ್ತಾಳೆ. ಬೆಳಿಗ್ಗೆ ಕೇಳಿದ್ರೆ ಏನೂ ನೆನಪಿರಲ್ಲ. ಅವಳಿಗೋಸ್ಕರ ಅಂತ ಗುಲಾಬಿ ಬಣ್ಣ ಹೊಡಿಸಿ ಒಂದು ರೂಮು ಮಾಡಿದ್ವಿ, ಅಲ್ಲಿ ಮಲಗೋದಿರಲಿ ಒಳಗೆ ಕಾಲೇ ಇಡಲ್ಲ.

ದಿಂಬಿನ ಕವರ್ ಒಳಗೆ ಚಪಾತಿ ಚೂರು, ಬಿಸ್ಕೆಟ್ ಬಚ್ಚಿಡ್ತಾಳೆ, ಇರುವೆ ಬಂದಾಗ್ಲೇ ಗೊತ್ತಾಗಿದ್ದು. ನಮ್ಮನೆಯವ್ರು ಫೋನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದ್ರೂ ಫ್ರಿಜ್ ಹಿಂದೆ ಹೋಗಿ ನಿಂತ್ಕೋತಾಳೆ, ಅವ್ರು ಪಾಪ ಈಗ ಮನೇಲಿ ಪಿಸುಮಾತಲ್ಲೇ ಮಾತಾಡೋ ಹಂಗಾಗಿದೆ. ಇದೆಲ್ಲದಕ್ಕಿಂತ ನನಗೆ ಸಂಕಟ ಆಗೋದು ಇನ್ನೊಂದು. ಕುಕ್ಕರಹಳ್ಳಿ ಕೆರೆ ಹತ್ರ ವಾಕ್ ಕರ್ಕೊಂಡು ಹೋದ್ರೆ ಗುರುತೇ ಇಲ್ಲದ ಆಂಟಿ ಕೈ ಹಿಡ್ಕೊಂಡು ನಿಮ್ಮನೆಗೆ ಬರ್ತೀನಿ ಅಂತಾಳೆ. ನನ್ನ ಹತ್ರ ಬಿದ್ದು ಪೆಟ್ಟಾದ್ರೂ ಬರಲ್ಲ, ಮೂಲೇಲಿ ಕೂತು ತಾನೇ ಮಂಡಿ ಉಜ್ಕೋತಾಳೆ.

ಅತ್ತೆಯವ್ರು ನವರಾತ್ರೀಲಿ ದೊಡ್ಡದಾಗಿ ನಾಮಕರಣದ ಥರ ಫಂಕ್ಷನ್ ಮಾಡಿ ಹೊಸ ಹೆಸರಿಡೋಣ, ದಸರಾಗೆ ಹೆಂಗೂ ನೆಂಟರೆಲ್ಲಾ ಬರ್ತಾರೆ ಅಂತಿದಾರೆ. ಇನ್ನೊಬ್ರು ಈಗ್ಲೇ ಎಲ್‌ಕೆಜಿಗೆ ಹಾಕಿ, ಮಕ್ಕಳ ಜೊತೆ ಬೆರೆತ್ರೆ ಎಲ್ಲಾ ಸರಿಹೋಗತ್ತೆ ಅಂತಾರೆ. ಅನುಭವ ಇರೋರು ಹೇಳಿ, ಇದೆಲ್ಲಾ ಯಾವಾಗ ಕಮ್ಮಿ ಆಗತ್ತೆ, ಮೊದ್ಲು ಯಾವ್ದನ್ನ ಹಿಡ್ಕೋಬೇಕು?

ಮದ್ದೂರ್_ಅಪ್ಪ

ಅಕ್ಕಾ ನಮ್ಮನೇಲೂ ಇದೇ ಕಣಕ್ಕ. ನಾವು ಮದ್ದೂರ್ ಪಕ್ಕದ ಹಳ್ಳಿಯವ್ರು, ಬೇಸಾಯ. ನಮ್ಮ ಮಗ ಬಂದಾಗ ಆರು ವರ್ಷ ತುಂಬಿತ್ತು, ಈಗ ಹೈಸ್ಕೂಲು. ನೀವು ಬರ್ದಿರೋ ಫ್ರಿಜ್ ಹಿಂದೆ ನಿಂತ್ಕೊಳೋ ವಿಷ್ಯ ಓದಿ ನಂಗೆ ಎದೆ ಕಿತ್ಕೊಂಡು ಬಂದಂಗಾಯ್ತು, ಯಾಕಂದ್ರೆ ನಮ್ಮುಡುಗ ನಿಂತ್ಕೊತಿದ್ದದ್ದು ಹಿತ್ತಲ ಬಾಗ್ಲು ಸಂದೀಲಿ. ನನ್ನ ಕಂಡ್ರೆ ಸಾಕು ಅಲ್ಲಿಗೋಗಿ ಸೇರ್ಕೊಳೋನು. ಮೀಸೆ, ದಪ್ಪ ದನಿ, ಗದ್ದೆಯಿಂದ ಬತ್ತಿದ್ದಂಗೆ ಕೈಲಿ ಕುಡ್ಲು ಬ್ಯಾರೆ. ಗಂಡಸ್ರನ್ನ ಕಂಡೇ ಗೊತ್ತಿಲ್ಲ ಆ ಮಗೀಗೆ, ಅಲ್ಲೆಲ್ಲಾ ಆಯಾಗಳು, ಮೇಡಮ್‌ಗಳು ಅಷ್ಟೆಯ. ಬಂದ ಗಂಡಸು ಅಂದ್ರೆ ಡಾಕ್ಟ್ರು, ಸೂಜಿ.

ನಾನು ಮಾಡಿದ್ದು ಇಷ್ಟೇ. ಕರೀತಾ ಇರಲಿಲ್ಲ, ಎತ್ಕೊಳಕ್ಕೂ ಹೋಗ್ತಿರಲಿಲ್ಲ. ಸಂಜೆ ಕೈಕಾಲು ತೊಳ್ಕೊಂಡು ಜಗುಲಿ ಮೇಲೆ ನೆಲಕ್ಕೆ ಕುಂತ್ಕೊಂಡು ಕಡ್ಲೆಕಾಯಿ ಸುಲೀತಿದ್ದೆ, ಅವನ ಕಡೆ ಮುಖ ಮಾಡ್ದೆ ಪಕ್ಕಕ್ಕೆ ತಿರುಗಿ. ಸುಲಿದ ಬೀಜ ಒಂದು ತಟ್ಟೇಲಿ ನನ್ನಿಂದ ಒಂದು ಮಾರು ದೂರ ಇಟ್ಟಿರ್ತಿದ್ದೆ. ಮೊದ್ಲು ನಾನು ಎದ್ದೋದ ಮ್ಯಾಕೆ ಬಂದು ತಿನ್ನೋನು. ಆಮ್ಯಾಕೆ ನಾನಿದ್ದಂಗೇ ಬಂದು ತಟ್ಟೆ ಎತ್ಕೊಂಡು ಓಡೋನು. ನಾನು ತಟ್ಟೆ ದಿನಾ ಅಷ್ಟಷ್ಟು ಹತ್ರಕ್ಕೆ ಎಳ್ಕೊಂಡೆ, ಒಂದಿನ ಅವನೇ ಬಂದು ಪಕ್ಕದಲ್ಲಿ ಕುಂತು ಒಂದು ಕಾಯಿ ತಗಂಡು ಸುಲಿಯಕ್ಕೆ ನೋಡ್ದ, ಸಿಪ್ಪೆ ಬಿಡಲಿಲ್ಲ, ನನ್ ಕೈಗೆ ಕೊಟ್ಟ. ಅವತ್ತು ಮಾತಿಲ್ಲ ಕತೆಯಿಲ್ಲ, ಸುಲ್ದು ಕೊಟ್ಟೆ ಅಷ್ಟೆ, ಒಳಗೋಗಿ ಹೆಂಡ್ತಿಗೆ ಹೇಳಕ್ಕೆ ಗಂಟ್ಲು ಕಟ್ಟಿತ್ತು.

ನಿಮ್ಮನೆಯವ್ರಿಗೆ ಹೇಳಿ, ಪಿಸುಮಾತು ಬ್ಯಾಡ, ಅದೂ ಮಗೀಗೆ ಏನೋ ಮುಚ್ಚಿಡ್ತಾವ್ರೆ ಅನ್ನಿಸ್ತದೆ. ಮಾಮೂಲಿ ದನೀಲಿ ಮಾತಾಡ್ಲಿ, ಆದ್ರೆ ಫೋನು ಬಂದ್ರೆ ಮೊದ್ಲೇ ಹೇಳ್ಲಿ, ಪುಟ್ಟಾ ಆಫೀಸ್ ಫೋನು, ನಾನು ಜೋರಾಗಿ ಮಾತಾಡ್ತೀನಿ, ನಿನ್ ಮೇಲೆ ಕೋಪ ಅಲ್ಲ ಅಂತ. ದಿನಾ ಒಂದು ಕೆಲಸ ಅಪ್ಪಂದೇ ಅಂತ ಇಟ್ಕೊಳಿ, ಜಡೆಗೆ ಹೂ ಮುಡ್ಸೋದೋ, ಹಾಲು ಬೆರ್ಸೋದೋ, ಏನಾದ್ರೂ. ಮೂಲೇಲಿ ಕೂತ್ರೆ ಎಳ್ದಾಡ್ಬೇಡಿ, ಬತ್ತಾಳೆ.

ದೀಪಾ_ಟಿ_ನರಸೀಪುರ

ಮೇಡಂ, ಮಗು ರಾತ್ರಿ ಕಿರುಚೋದು ದೃಷ್ಟಿ ಇರಬಹುದು. ನಮ್ಮ ಕಡೆ ಒಬ್ರು ತಾಯತ ಕಟ್ತಾರೆ, ಹೇಳಿ ಬೇಕಾದ್ರೆ ವಿಚಾರಿಸ್ತೀನಿ. ಬೇಜಾರ್ ಮಾಡ್ಕೋಬೇಡಿ, ಮಗು ಒಳ್ಳೇದಕ್ಕೇ ಹೇಳ್ತಿರೋದು. ಮತ್ತೆ ಸ್ವಲ್ಪ ಗದರಿಸೋದೂ ಬೇಕು, ತೀರಾ ಮುದ್ದು ಮಾಡಿದ್ರೆ ಆಹಾರ ಕದಿಯೋ ಅಭ್ಯಾಸ ಹಂಗೇ ಉಳ್ಕೊಳತ್ತೆ.

ಮಕ್ಕಳ_ಜೊತೆ

ನಾನು ಮೈಸೂರಲ್ಲೇ ಮಕ್ಕಳ ಆಪ್ತಸಲಹೆ ಕೆಲಸ ಮಾಡೋಳು, ದತ್ತು ಮಕ್ಕಳ ಕುಟುಂಬಗಳ ಜೊತೆ ಸುಮಾರು ವರ್ಷದಿಂದ ಇದೀನಿ. ಮಗೂನ ನೋಡ್ದೆ ಇದೇ ಕಾಯಿಲೆ ಅದೇ ಕಾಯಿಲೆ ಅಂತ ಹೇಳೋದು ತಪ್ಪು, ಹಾಗಾಗಿ ಸಾಮಾನ್ಯವಾಗಿ ಏನಾಗತ್ತೆ ಅನ್ನೋದನ್ನ ಬರೀತೀನಿ.

ಮೊದ್ಲು ದೀಪಾ ಅವ್ರಿಗೆ. ಮನೇಲಿ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರೆ ಏನೂ ತೊಂದ್ರೆ ಇಲ್ಲ, ಅದು ಮಗೂಗೆ ತನ್ನನ್ನ ಈ ಮನೆಯವಳು ಅಂತ ನೋಡ್ತಿದಾರೆ ಅನ್ನೋ ಭಾವನೆನೂ ಕೊಡಬಹುದು. ಆದ್ರೆ ಗುರುತಿಲ್ಲದ ಮನುಷ್ಯನ ಮುಂದೆ ಕೂರಿಸಿ ಹೊಗೆ ಹಾಕಿ ಮಂತ್ರ ಹಾಕ್ಸೋದು ಖಂಡಿತ ಬೇಡ, ಹೆದರಿರೋ ಮಗೂನ ಇನ್ನಷ್ಟು ಹೆದರಿಸಿದ ಹಾಗೆ. ಆಹಾರದ ವಿಷಯಕ್ಕೆ ಗದರೋದೂ ಬೇಡ. ಅದು ಕಳ್ಳತನ ಅಲ್ಲ. ನಾಳೆ ಊಟ ಸಿಗತ್ತೋ ಇಲ್ವೋ ಅನ್ನೋ ಯೋಚನೆ ಬಂದಿರೋ ಮಗು ಅದು, ಇಲ್ಲಾ ಅಷ್ಟೊಂದು ಮಕ್ಕಳ ಮಧ್ಯೆ ತನ್ನದು ಅಂತ ಒಂದು ವಸ್ತುನೂ ಇಲ್ದೆ ಬೆಳೆದಿರತ್ತೆ. ಒಂದು ಸ್ಟೀಲ್ ಡಬ್ಬಿ ಕೊಡಿ, ಅವಳ ಕೈಲೇ ಸ್ಟಿಕ್ಕರ್ ಅಂಟಿಸಿ, ಬಿಸ್ಕೆಟ್ಟು, ಕಡ್ಲೆಪುರಿ ತುಂಬಿ, ಹಾಸಿಗೆ ಪಕ್ಕದಲ್ಲೇ ಇರಲಿ. ಖಾಲಿ ಆದ್ರೆ ಯಾರು ತಿಂದಿದ್ದು ಅಂತ ಕೇಳ್ಬೇಡಿ, ಅವಳೆದುರೇ ಮತ್ತೆ ತುಂಬಿಸಿ. ರಾತ್ರಿ ಮಲಗೋಕೆ ಮುಂಚೆ ನಾಳೆ ಬೆಳಿಗ್ಗೆ ಏನು ತಿಂಡಿ ಅಂತ ಹೇಳಿ, ಬೆಳಿಗ್ಗೆ ಅದೇ ಮಾಡಿ. ಇಡ್ಲಿ ಅಂದ್ರೆ ಇಡ್ಲಿನೇ. ಡಬ್ಬಿ ಕಡೆ ಗಮನ ಕಮ್ಮಿ ಆಗೋದನ್ನ ನೀವೇ ನೋಡ್ತೀರ.

ರಾತ್ರಿ ಕಿರುಚೋದರ ಬಗ್ಗೆ ನೀವು ಬರೆದಿರೋ ಲಕ್ಷಣ, ಅಂದ್ರೆ ನಿದ್ದೆ ಹತ್ತಿದ ಮೊದಲ ಒಂದರಿಂದ ಮೂರು ಗಂಟೆ ಒಳಗೆ, ಕಣ್ಣು ತೆರೆದಿದ್ರೂ ಗುರುತು ಸಿಗದೇ ಇರೋದು, ಬೆಳಿಗ್ಗೆ ನೆನಪಿಲ್ಲದಿರೋದು, ಇದನ್ನ ಡಾಕ್ಟ್ರು ನೈಟ್ ಟೆರರ್ ಅಂತಾರೆ. ಮಗು ಆಗ ಎಚ್ಚರ ಇರಲ್ಲ, ನಿಮ್ಮನ್ನ ಬೇಡ ಅಂತ ದೂಡ್ತಿರೋದೂ ಅಲ್ಲ, ಅದನ್ನ ಮನಸ್ಸಿಗೆ ಹಚ್ಕೋಬೇಡಿ. ಅಲ್ಲಾಡಿಸಿ ಎಬ್ಬಿಸಬಾರದು, ದೀಪ ಪೂರ್ತಿ ಹಾಕಬಾರದು. ಮಂಚದಿಂದ ಬೀಳದ ಹಾಗೆ ನೋಡ್ಕೊಂಡು ಪಕ್ಕದಲ್ಲಿ ಕೂತು ಒಂದೇ ದನೀಲಿ ಅಮ್ಮ ಇಲ್ಲೇ ಇದೀನಿ ಅನ್ನಿ, ಕೆಲವು ನಿಮಿಷದಲ್ಲಿ ತಾನಾಗೇ ಮಲಗ್ತಾಳೆ. ದಣಿವು ಜಾಸ್ತಿ ಆದ ದಿನ, ಮಲಗೋದು ತಡ ಆದ ದಿನ ಇದು ಹೆಚ್ಚು, ಹಾಗಾಗಿ ಸಂಜೆ ತಿರುಗಾಟ ಕಮ್ಮಿ ಮಾಡಿ ಬೇಗ ಮಲಗಿಸಿ. ಬೆಳಗಿನ ಜಾವ ಎಚ್ಚರ ಆಗಿ ಅಳ್ತಾ, ಕನಸು ಹೇಳಿದ್ರೆ ಅದು ಬೇರೆ, ಅದು ಕೆಟ್ಟ ಕನಸು, ಆಗ ತಬ್ಕೊಳಿ, ಮಾತಾಡಿಸಿ. ವಾರಕ್ಕೆ ಎಷ್ಟೋ ಸಲ ಆಗ್ತಿದ್ರೆ ಮಕ್ಕಳ ಡಾಕ್ಟರ್‌ಗೆ ತೋರ್ಸಿ, ರಕ್ತದಲ್ಲಿ ಕಬ್ಬಿಣದ ಅಂಶನೂ ನೋಡ್ಸಿ, ಅದು ಕಮ್ಮಿ ಇದ್ರೆ ನಿದ್ದೆ ಕೆಡತ್ತೆ, ಕಿರಿಕಿರಿನೂ ಜಾಸ್ತಿ. ಕೇಂದ್ರದವ್ರು ಕೊಟ್ಟಿರೋ ಮೆಡಿಕಲ್ ರಿಪೋರ್ಟ್, ಮಗು ಹಿನ್ನೆಲೆ ಬರೆದಿರೋ ಚೈಲ್ಡ್ ಸ್ಟಡಿ ರಿಪೋರ್ಟ್ ಎರಡೂ ತಗೊಂಡು ಹೋಗಿ. ಮಾತು ತಡ ಅನ್ನಿಸಿದ್ರೆ, ಕರೆದ್ರೆ ತಿರುಗಲ್ಲ ಅನ್ನಿಸಿದ್ರೆ ಮಾನಸಗಂಗೋತ್ರೀಲಿ ನಮ್ಮ ವಾಕ್ ಶ್ರವಣ ಸಂಸ್ಥೆನೇ ಇದೆ, ಕಿವಿ ಪರೀಕ್ಷೆ ಅಲ್ಲೇ ಆಗತ್ತೆ.

ಗುಲಾಬಿ ರೂಮು ಸದ್ಯಕ್ಕೆ ಆಟದ ರೂಮು ಆಗಲಿ. ಹುಟ್ಟಿದಾಗಿಂದ ಸಾಲಾಗಿ ಮಕ್ಕಳ ಮಧ್ಯೆ ಮಲಗಿದವಳಿಗೆ ಒಂದು ರೂಮಲ್ಲಿ ಒಬ್ಳೇ ಅನ್ನೋದು ಶಿಕ್ಷೆ. ನಿಮ್ಮ ಹಾಸಿಗೆ ಪಕ್ಕದಲ್ಲಿ ಅವಳ ಹಾಸಿಗೆ ಹಾಕಿ, ಕೈ ಚಾಚಿದ್ರೆ ಸಿಗೋ ಹಾಗೆ. ಕೇಂದ್ರದಿಂದ ಬಂದ ಬಟ್ಟೆ, ಹೊದಿಕೆ ಏನಾದ್ರೂ ಇದ್ರೆ ಒಗೆದು ಎತ್ತಿಡಬೇಡಿ, ಆ ವಾಸನೆ ಅವಳಿಗೆ ಗೊತ್ತಿರೋ ಒಂದೇ ವಾಸನೆ.

ಸ್ನಾನಕ್ಕೆ ಶವರ್ ಮರೆತುಬಿಡಿ. ಮೇಲಿಂದ ಮುಖಕ್ಕೆ ನೀರು ಬೀಳೋದು, ಬಾಗ್ಲು ಹಾಕೋದು, ಆ ಸದ್ದು, ಮೂರೂ ಅವಳಿಗೆ ಹೊಸದು. ದಸರಾ ಆನೆಗಳನ್ನ ನೋಡಿದೀರಲ್ಲ, ಕಾಡಿನ ಶಿಬಿರದಿಂದ ವಾರಗಟ್ಲೆ ಮುಂಚೆ ತಂದು ಕುಶಾಲತೋಪಿನ ಸದ್ದಿಗೆ ಅಭ್ಯಾಸ ಮಾಡ್ಸ್ತಾರೆ. ಮದ್ದು ಸಿಡಿಯೋವಾಗ ಮೊದಲು ದೂರ ನಿಲ್ಲಿಸ್ತಾರೆ, ಹೊಸ ಆನೆ ಪಕ್ಕದಲ್ಲಿ ಅನುಭವ ಇರೋ ಆನೆ ನಿಲ್ಲಿಸ್ತಾರೆ, ಹೆದರಿದ್ರೆ ಮಾವುತ ಮೈ ಸವರ್ತಾನೆ, ಇನ್ನೊಂದಿನ ಸ್ವಲ್ಪ ಹತ್ರ. ಮಗೂನ ಭಯಕ್ಕೂ ಇದೇ ದಾರಿ. ಮೊದಲು ಹಿತ್ತಲಲ್ಲೋ ಬಾಲ್ಕನೀಲೋ ಟಬ್ಬಲ್ಲಿ ಗೊಂಬೆಗೆ ಸ್ನಾನ ಮಾಡಿಸ್ಲಿ, ಚೊಂಬು ಅವಳ ಕೈಲೇ ಇರಲಿ. ಆಮೇಲೆ ತನ್ನ ಕಾಲಿಗೆ ತಾನೇ ಹಾಕ್ಕೊಳ್ಲಿ. ಬಾತ್‌ರೂಮಿಗೆ ಹೋದಾಗ ಬಾಗ್ಲು ತೆಗೆದೇ ಇರಲಿ, ಬಕೆಟ್ಟು ಚೊಂಬು ಸಾಕು, ತಲೆಗೆ ಹಾಕೋವಾಗ ಈಗ ನೀರು ಬರತ್ತೆ ಅಂತ ಹೇಳಿ ಹಾಕಿ. ಒಂದು ಮೆಟ್ಟಿಲಲ್ಲಿ ಅತ್ರೆ ಹಿಂದಿನ ಮೆಟ್ಟಿಲಿಗೆ ವಾಪಸ್ ಬನ್ನಿ. ಹಿಡಿದು ಬಲವಂತವಾಗಿ ಮುಗಿಸಿಬಿಡೋಣ ಅನ್ನೋದು ಮಾತ್ರ ಬೇಡ.

ಈಗ ನಿಮಗೆ ಸಂಕಟ ಆಗಿದ್ದ ವಿಷಯ. ಎಲ್ಲರ ಕೈ ಹಿಡಿಯೋದು ಸ್ನೇಹ ಸ್ವಭಾವ ಅಲ್ಲ. ಶಿಫ್ಟ್ ಬದಲಾದ ಹಾಗೆಲ್ಲಾ ಬೇರೆ ಆಯಾ ಬರ್ತಾರೆ, ಯಾರ ಕೈ ಸಿಗತ್ತೋ ಅವರನ್ನ ಹಿಡ್ಕೋಬೇಕು, ಇಷ್ಟು ದಿನ ಅವಳು ಬದುಕಿದ್ದು ಹಾಗೆ. ಬಿದ್ದಾಗ ಅಮ್ಮ ಅನ್ನೋ ಅಭ್ಯಾಸನೇ ಇಲ್ಲ, ಯಾಕಂದ್ರೆ ಅತ್ತಾಗ ಪ್ರತಿ ಸಲ ಒಬ್ರೇ ಬಂದಿಲ್ಲ. ಹಾಗಾಗಿ ಕೆಲವು ತಿಂಗಳು ಊಟ ಮಾಡ್ಸೋದು, ಸ್ನಾನ, ಮಲಗ್ಸೋದು, ಅತ್ತಾಗ ಎತ್ಕೊಳೋದು ಇವಿಷ್ಟೂ ನೀವಿಬ್ರೇ. ಅಜ್ಜಿ ತಾತ ಕತೆ ಹೇಳ್ಲಿ, ಆಟ ಆಡ್ಲಿ, ಆದ್ರೆ ಹಸಿವಾದಾಗ, ನೋವಾದಾಗ ಅವಳನ್ನ ನಿಮ್ಮ ಹತ್ರಕ್ಕೇ ಕಳಿಸ್ಲಿ. ಮಂಡಿ ಉಜ್ಕೊಂಡು ಕೂತಾಗ ಅವಳು ಕರೀದೇ ಇದ್ರೂ ನೀವೇ ಹೋಗಿ, ಉಫ್ ಅಂತ ಊದಿ, ಸಣ್ಣ ತರಚಿಗೂ ಒಂದು ಬ್ಯಾಂಡೇಡ್ ಹಾಕಿ. ತೊಡೆ ಮೇಲೆ ಮಲಗಿ ಬಾಟಲಿ ಹಾಲು ಬೇಕು ಅಂದ್ರೆ ಕೊಡಿ, ಇಷ್ಟು ದೊಡ್ಡವಳು ಅನ್ಬೇಡಿ, ಆ ವಯಸ್ಸಲ್ಲಿ ಸಿಗದೇ ಇದ್ದದ್ದನ್ನ ಈಗ ಕೇಳ್ತಿದಾಳೆ. ಒಂದು ದಿನ ನಿಮ್ಮ ಹತ್ರನೇ ಹಟ ಮಾಡ್ತಾಳೆ, ಹೊಡೀತಾಳೆ, ನಿಮ್ಮನ್ನ ಬಿಟ್ಟು ಬೇರೆ ಎಲ್ಲರ ಹತ್ರ ಚೆನ್ನಾಗಿರ್ತಾಳೆ. ಆಗ ಗಾಬರಿ ಬೇಡ, ನಿಮ್ಮ ಮೇಲೆ ನಂಬಿಕೆ ಹುಟ್ಟಿದಾಗ್ಲೇ ಅದು ಶುರುವಾಗೋದು.

ಒಂದು ಮಾತು ಮನೆಯವ್ರಿಗೆಲ್ಲಾ ಹೇಳಿಡಿ. ತಮಾಷೆಗೂ ವಾಪಸ್ ಕಳಿಸಿಬಿಡ್ತೀನಿ, ಗುಮ್ಮ ಹಿಡ್ಕೊಂಡು ಹೋಗ್ತಾನೆ, ಪೊಲೀಸ್‌ಗೆ ಕೊಡ್ತೀನಿ ಅನ್ನಬಾರದು. ರೂಮಲ್ಲಿ ಕೂಡಿಹಾಕಬಾರದು.

ಇನ್ನು ನಿಮ್ಮ ಬಗ್ಗೆ. ನಿದ್ದೆ ಇಲ್ದೆ, ಮಗು ಹತ್ರ ಬರಲ್ಲ ಅನ್ನೋ ನೋವಲ್ಲಿ ದತ್ತು ತಾಯಂದಿರು ಕುಗ್ಗಿ ಹೋಗೋದನ್ನ ನಾನು ತುಂಬಾ ನೋಡಿದೀನಿ, ಹೆತ್ತ ತಾಯಂದಿರಿಗೆ ಬಾಣಂತನದಲ್ಲಿ ಮನಸ್ಸು ಕುಗ್ಗತ್ತೆ ಅಂದ್ರೆ ಜನ ಒಪ್ತಾರೆ, ನಿಮಗೆ ಅಂದ್ರೆ ನೀವೇ ಬೇಕು ಅಂತ ತಂದಿದ್ದಲ್ವಾ ಅಂತಾರೆ. ಹಂಗೇನಾದ್ರೂ ಅನ್ನಿಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಮಗೂಗೆ ಹೆಚ್ಚಿನ ನೆರವು ಬೇಕಾದ್ರೆ ಬೆಂಗಳೂರು ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗನೇ ಬೇರೆ ಇದೆ. 2022ರ ದತ್ತು ನಿಯಮಾವಳಿ ಪ್ರಕಾರ ಎರಡು ವರ್ಷ, ಆರಾರು ತಿಂಗಳಿಗೊಂದ್ಸಲ ದತ್ತು ಸಂಸ್ಥೆ ಕಡೆಯವ್ರು ಫಾಲೋಅಪ್‌ಗೆ, ಅಂದ್ರೆ ಮಗು ಹೇಗಿದೆ ಅಂತ ನೋಡೋಕೆ ಬರ್ತಾರೆ, ಅದನ್ನ ಇನ್ಸ್‌ಪೆಕ್ಷನ್ ಅಂತ ಹೆದರ್ಕೊಂಡು ಎಲ್ಲಾ ಚೆನ್ನಾಗಿದೆ ಅಂದು ಕಳಿಸಬೇಡಿ. ಕಷ್ಟ ಇದ್ರೆ ಕಷ್ಟ ಅನ್ನಿ, ಕೌನ್ಸೆಲಿಂಗ್ ಕೇಳಿ, ಅದು ನಿಮ್ಮ ಹಕ್ಕು.

ಸಕ್ಕರೆನಾಡಿನವಳು

ನಾನು ತಾಯಿ ಅಲ್ಲ, ಮಗಳ ಕಡೆಯಿಂದ ಬರೀತಿದೀನಿ. ನನ್ನನ್ನ ಮಂಡ್ಯದ ಅಪ್ಪ ಅಮ್ಮ ದತ್ತು ತಗೊಂಡಾಗ ನನಗೆ ಐದು ವರ್ಷದ ಹತ್ರ. ಆ ವಯಸ್ಸಿನ ಮಗೂಗೆ ಏನೂ ನೆನಪಿರಲ್ಲ ಅಂತ ದೊಡ್ಡವ್ರು ಅಂದ್ಕೋತಾರೆ, ನನಗೆ ತುಂಬಾ ನೆನಪಿದೆ. ಅಲ್ಲಿಯ ಉದ್ದ ಪಡಸಾಲೆ, ಸಾಲಾಗಿ ಇಟ್ಟ ತಟ್ಟೆ, ನನ್ನ ಪಕ್ಕ ಮಲಗ್ತಿದ್ದ ಒಂದು ಹುಡುಗಿ ಬೆವರಿನ ವಾಸನೆ ಕೂಡ.

ನನ್ನ ದೊಡ್ಡ ಭಯ ಕಾರು. ರೆಡಿಯಾಗು ಹೊರಗೆ ಹೋಗೋಣ ಅಂದ್ರೆ ಸಾಕು, ವಾಪಸ್ ಬಿಡೋಕೆ ಕರ್ಕೊಂಡು ಹೋಗ್ತಿದಾರೆ ಅಂತ ಹೊಟ್ಟೆ ತೊಳಸೋದು, ವಾಂತಿ ಮಾಡ್ಕೋತಿದ್ದೆ, ಮನೆಯವ್ರು ಇವಳಿಗೆ ಪ್ರಯಾಣ ಆಗಲ್ಲ ಅಂದ್ಕೊಂಡಿದ್ರು. ಅಪ್ಪಂಗೆ ಹೇಗೆ ಗೊತ್ತಾಯ್ತೋ ಗೊತ್ತಿಲ್ಲ, ಹೊರಡೋ ಮುಂಚೆ ಬೀಗ ಹಾಕಿ ಬೀಗದಕೈ ನನ್ನ ಕೈಗೆ ಕೊಡೋಕೆ ಶುರು ಮಾಡಿದ್ರು. ನೀನೇ ಇಟ್ಕೋ, ನೀನಿಲ್ದೆ ನಾವು ಮನೆ ಒಳಗೆ ಹೋಗೋಕಾಗಲ್ಲ ಅಂತ. ಶ್ರೀರಂಗಪಟ್ಟಣಕ್ಕೆ ಹೋದ್ರೂ ಕೆಆರ್‌ಎಸ್‌ಗೆ ಹೋದ್ರೂ ಬೀಗದಕೈ ನನ್ನ ಫ್ರಾಕ್ ಜೇಬಲ್ಲೇ. ಅಂಗೈಲಿ ಅದರ ಹಲ್ಲಿನ ಗುರುತು ಬೀಳೋವಷ್ಟು ಬಿಗಿಯಾಗಿ ಹಿಡ್ಕೊಂಡಿರ್ತಿದ್ದೆ. ವಾಂತಿ ನಿಂತೋಯ್ತು. ನಿಮ್ಮ ಮಗಳಿಗೂ ಎಲ್ಲಿಗೆ ಹೋಗ್ತಿದೀವಿ, ಯಾರು ಯಾರು ಹೋಗ್ತಿದೀವಿ, ಯಾವಾಗ ಮನೆಗೆ ವಾಪಸ್ ಅನ್ನೋ ಮೂರನ್ನೂ ಪ್ರತಿ ಸಲ ಹೇಳಿ, ಅಂಗಡಿಗೆ ಹಾಲು ತರೋಕೆ ಹೋದ್ರೂ ಸರಿ.

ಹೆಸರಿನ ವಿಷಯ ನನಗೆ ತುಂಬಾ ಮುಖ್ಯ ಅದಕ್ಕೆ ಜೋರಾಗೇ ಹೇಳ್ತೀನಿ, ದಯವಿಟ್ಟು ಈಗ ಹೆಸರು ಬದಲಾಯಿಸ್ಬೇಡಿ. ಊರು ಹೋಯ್ತು, ಜೊತೆಗಿದ್ದವ್ರು ಹೋದ್ರು, ಊಟದ ರುಚಿ ಬದಲಾಯ್ತು, ಆಡೋ ಮಾತಿನ ರಾಗ ಕೂಡ ಬೇರೆ, ಅವಳ ಹತ್ರ ಅಲ್ಲಿಂದ ಬಂದಿರೋದು ಆ ಹೆಸರು ಒಂದೇ. ಅತ್ತೆಯವ್ರಿಗೆ ಆಸೆ ಇದ್ರೆ ಮನೆದೇವರ ಹೆಸರು ಜೊತೆಗೆ ಸೇರ್ಸಿ ಮನೇಲೇ ಪೂಜೆ ಮಾಡ್ಲಿ, ಕರೆಯೋದು ಅದೇ ಹೆಸರಲ್ಲಿ ಇರಲಿ. ದೊಡ್ಡವಳಾದ ಮೇಲೆ ಅವಳಿಗೇ ಬೇಡ ಅನ್ನಿಸಿದ್ರೆ ಆಗ ನೋಡೋಣ.

ಮತ್ತೆ ಆ ಕೇಂದ್ರದ ಬಗ್ಗೆ ಮನೇಲಿ ಮಾತಾಡಿ. ನಮ್ಮನೇಲಿ ನನಗೆ ನೋವಾಗಬಾರದು ಅಂತ ಯಾರೂ ಆ ವಿಷಯ ಎತ್ತುತಿರಲಿಲ್ಲ, ನಾನು ಅದು ಕೆಟ್ಟ ವಿಷಯ, ಕೇಳಬಾರದು ಅಂದ್ಕೊಂಡು ಬೆಳೆದೆ. ಅಲ್ಲಿಯ ಆಯಾ ಫೋಟೋ, ಫ್ರೆಂಡ್ಸ್ ಫೋಟೋ ಸಿಕ್ಕರೆ ಒಂದು ಆಲ್ಬಮ್ ಮಾಡಿ, ಅವಳ ಕೈಗೆ ಸಿಗೋ ಕಡೆ ಇಡಿ. ನೋಡಿ ಅತ್ರೆ ಅಳ್ಲಿ, ಪಕ್ಕ ಕೂತ್ಕೊಳಿ. ಅಲ್ಲಿಯವ್ರನ್ನ ನೆನೆಸ್ಕೊಂಡ್ರೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ನಾನು ಇವತ್ತಿಗೂ ಎರಡನ್ನೂ ಇಟ್ಕೊಂಡಿದೀನಿ. 18 ತುಂಬಿದ ಮೇಲೆ ಮೂಲ ಹುಡುಕೋಕೆ ಅರ್ಜಿ ಹಾಕೋ ಅವಕಾಶ ನಿಯಮದಲ್ಲೇ ಇದೆ, ಅದನ್ನ ಮಾಡ್ತಾಳೋ ಬಿಡ್ತಾಳೋ ಅವಳಿಷ್ಟ, ಆದ್ರೆ ಆ ದಿನ ನಿಮ್ಮನ್ನ ಕೇಳೋಕೆ ಹೆದರಬಾರದು ನೋಡಿ.

ಒಂದನೇ_ಕ್ಲಾಸ್_ಟೀಚರ್

ಮಂಡ್ಯದಲ್ಲಿ ಪ್ರೈಮರಿ ಸ್ಕೂಲ್ ಟೀಚರ್ ನಾನು. ಸ್ಕೂಲ್ ವಿಷಯ ಮಾತ್ರ ಹೇಳ್ತೀನಿ. ಆತುರ ಬೇಡ. ಮಕ್ಕಳ ಜೊತೆ ಬೆರೆಯೋದು ಅವಳಿಗೆ ಗೊತ್ತೇ ಇದೆ, ಅಷ್ಟು ಮಕ್ಕಳ ಜೊತೆನೇ ಬೆಳೆದಿದಾಳೆ. ಅವಳು ಈಗ ಕಲೀಬೇಕಿರೋದು ಅಪ್ಪ ಅಮ್ಮ ಅಂದ್ರೆ ಏನು ಅಂತ, ಅದು ಎಲ್‌ಕೆಜೀಲಿ ಸಿಗಲ್ಲ. ದೊಡ್ಡ ಕಟ್ಟಡ, ಸಾಲು, ಬೆಲ್ಲು, ಯೂನಿಫಾರ್ಮು, ಸಾಲಾಗಿ ಊಟ ನೋಡಿದ್ರೆ ಮತ್ತೆ ಕೇಂದ್ರಕ್ಕೇ ಬಂದೆ ಅನ್ಕೊಂಡ್ರೂ ಅನ್ಕೊಂಡ್ಳು. ಮುಂದಿನ ಜೂನ್‌ಗೆ ಸೇರಿಸಿದ್ರೂ ಏನೂ ಕಳ್ಕೊಳ್ಳಲ್ಲ. ಆಮೇಲೆ ಒಂದನೇ ಕ್ಲಾಸಿಗೆ ಬರೋವಾಗ ವಯಸ್ಸಿಗೆ ತಕ್ಕ ತರಗತೀಲಿ ಸೇರಿಸ್ಕೊಳ್ಳೋದು ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೇಲೇ ಇದೆ.

ಸೇರಿಸಿದಾಗ ಮೊದಮೊದ್ಲು ಒಂದೆರಡು ಗಂಟೆ ಮಾತ್ರ, ನೀವು ಕಾಂಪೌಂಡಲ್ಲೇ ಕೂತಿರಿ, ಕಿಟಕಿಯಿಂದ ಕಾಣೋ ಜಾಗದಲ್ಲಿ. ಕರ್ಕೊಂಡು ಹೋಗೋಕೆ ಬೆಲ್ ಹೊಡೆಯೋ ಮುಂಚೆನೇ ಗೇಟ್ ಹತ್ರ ಇರಿ, ದಯವಿಟ್ಟು ತಡ ಮಾಡ್ಬೇಡಿ, ಎಲ್ಲಾ ಮಕ್ಕಳೂ ಹೋಗಿ ತಾನೊಬ್ಳೇ ಉಳಿಯೋದು ಬೇರೆ ಮಕ್ಕಳಿಗೆ ಬೇಜಾರು, ಇವಳಿಗೆ ಅದು ಬೇರೆನೇ. ಕ್ಲಾಸ್ ಟೀಚರ್‌ಗೆ ಒಬ್ರಿಗೆ ವಿಷಯ ಹೇಳಿ, ಇಡೀ ಸ್ಟಾಫ್‌ರೂಮಿಗೆ ಬೇಡ. ನಾವು ಟೀಚರ್‌ಗಳು ಪುಟ್ಟ ಪಾಪು ಆಗಿದ್ದಾಗಿನ ಫೋಟೋ ತನ್ನಿ, ವಂಶವೃಕ್ಷ ಬರೀರಿ ಅಂತ ಪ್ರಾಜೆಕ್ಟ್ ಕೊಡ್ತೀವಿ, ಮೊದ್ಲೇ ಗೊತ್ತಿದ್ರೆ ನಿಮಗಿಷ್ಟವಾದ ಯಾವ ಫೋಟೋ ಆದ್ರೂ ತನ್ನಿ ಅಂತ ಎಲ್ರಿಗೂ ಹಂಗೇ ಹೇಳಬಹುದು. ನಾನು ಈಗ ಹಂಗೇ ಹೇಳೋದು.

ಕುವೆಂಪುನಗರದ_ಅಮ್ಮ

ಎಲ್ರಿಗೂ ಕೈ ಮುಗೀತೀನಿ. ಓದ್ತಾ ಓದ್ತಾ ಅತ್ತುಬಿಟ್ಟೆ, ನಮ್ಮನೆಯವ್ರಿಗೂ ಓದಿ ಹೇಳ್ದೆ. ಮದ್ದೂರಿನ ಅಣ್ಣ, ಅವ್ರು ಇವತ್ತು ಸಂಜೆ ನೆಲದ ಮೇಲೆ ಕೂತು ಅವರೆಕಾಯಿ ಸುಲೀತಿದಾರೆ, ಸೀಸನ್ ಇಲ್ದಿದ್ರೂ ಎಲ್ಲಿಂದ ತಂದ್ರೋ. ಅವಳು ಅಡುಗೆಮನೆ ಬಾಗ್ಲಿಂದ ನೋಡ್ತಿದ್ಲು, ಫ್ರಿಜ್ ಹಿಂದೆ ಹೋಗ್ಲಿಲ್ಲ.

ಟಬ್ಬಲ್ಲಿ ಗೊಂಬೆ ಸ್ನಾನ ಶುರು ಮಾಡಿದೀವಿ, ಗೊಂಬೆ ತಲೆಗೆ ನೀರು ಹಾಕೋಕೆ ಮುಂಚೆ ಕಣ್ಣು ಮುಚ್ಕೋ ಮುಚ್ಕೋ ಅಂತ ಹೇಳ್ತಾಳೆ. ಅಂದ್ರೆ ಅವಳಿಗೂ ಹಾಗೆ ಹೇಳಿ ಹಾಕ್ಬೇಕಿತ್ತು ಅಂತ ಅರ್ಥ ಆಯ್ತು. ಹೆಸರಿನ ವಿಷಯ ಅತ್ತೆಯವ್ರಿಗೆ ಸಕ್ಕರೆನಾಡಿನವ್ರು ಬರೆದಿದ್ದನ್ನ ಅವರ ಮಾತಲ್ಲೇ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡ್ರು, ಆಮೇಲೆ ಆಯ್ತು ಬಿಡು ಮನೆದೇವರ ಹೆಸರು ಹಿಂದೆ ಸೇರ್ಸೋಣ ಅಂದ್ರು. ಈ ವರ್ಷ ಸ್ಕೂಲ್ ಬೇಡ ಅಂತಾನೂ ತೀರ್ಮಾನ ಮಾಡಿದ್ವಿ.

ಇನ್ನೊಂದೇ ಪ್ರಶ್ನೆ. ದಸರಾ. ನೆಂಟರು ಬರೋದನ್ನ ತಪ್ಪಿಸೋಕಾಗಲ್ಲ, ಜಂಬೂಸವಾರಿ ನೋಡೋಕೆ ಅಂತಾನೇ ನಮ್ಮನೇಲಿ ಇಳ್ಕೋತಾರೆ. ಮಗೂನ ಹೇಗೆ ನಿಭಾಯಿಸ್ಲಿ? ಕರ್ಕೊಂಡು ಹೋಗಬಹುದಾ?

ಮಕ್ಕಳ_ಜೊತೆ

ಈ ವರ್ಷ ಮೆರವಣಿಗೆಗೆ ಬೇಡ. ಆ ಜನಸಾಗರ, 21 ಕುಶಾಲತೋಪು, ನೂಕುನುಗ್ಗಲು ಅವಳಿಗೆ ಜಾಸ್ತಿ ಆಗತ್ತೆ, ಅದರ ಮೇಲೆ ಯಾರ ಕೈ ಬೇಕಾದ್ರೂ ಹಿಡ್ಕೊಂಡು ಹೋಗೋ ಮಗು ಅಂತ ನೀವೇ ಬರೆದಿದೀರ. ಟಿವೀಲಿ ನೋಡಿ, ಸೌಂಡ್ ಕಮ್ಮಿ ಇಟ್ಟು, ರಿಮೋಟ್ ಅವಳ ಕೈಗೆ ಕೊಟ್ಟು. ನಿಮ್ಮಿಬ್ಬರಲ್ಲಿ ಒಬ್ರಾದ್ರೂ ಮನೇಲೇ ಇರಬೇಕು. ಆನೆ ತೋರಿಸ್ಬೇಕು ಅನ್ನಿಸಿದ್ರೆ ದಸರಾಗೆ ಮುಂಚೆ ಬೆಳಿಗ್ಗೆ ಹೊತ್ತು ತಾಲೀಮಿಗೆ ಹೋಗೋವಾಗ ರಸ್ತೆ ಪಕ್ಕ ದೂರ ನಿಂತು ತೋರಿಸಿ, ತೋಪಿನ ತಾಲೀಮು ಇರೋ ದಿನ ಬಿಟ್ಟು. ದೀಪಾಲಂಕಾರಕ್ಕೆ ರಶ್ ಇಲ್ಲದ ದಿನ ಕಾರಲ್ಲೇ ಒಂದು ರೌಂಡು ಸಾಕು, ಹೊರಡೋವಾಗ ಬೀಗದಕೈ ಅವಳ ಹತ್ರ ಇರಲಿ, ಒಳ್ಳೆ ಉಪಾಯ ಅದು.

ನೆಂಟರ ಫೋಟೋ ಈಗ್ಲೇ ಮೊಬೈಲಲ್ಲಿ ತೋರಿಸಿ, ಇವ್ರು ಚಿಕ್ಕಮ್ಮ, ನಾಲ್ಕು ದಿನ ಇರ್ತಾರೆ, ಆಮೇಲೆ ಅವ್ರೂರಿಗೆ ಹೋಗ್ತಾರೆ, ನೀನು ಎಲ್ಲಿಗೂ ಹೋಗಲ್ಲ, ಇಲ್ಲೇ ನಮ್ಮ ಜೊತೆ ಇರ್ತೀಯ ಅಂತ. ಈ ಕೊನೇ ಮಾತು ಬಿಡಬೇಡಿ, ನೆಂಟರು ಬ್ಯಾಗ್ ಪ್ಯಾಕ್ ಮಾಡೋದು ನೋಡಿ ತನ್ನ ಸರದಿ ಅಂದ್ಕೊಳ್ಳೋ ಮಕ್ಕಳಿದಾರೆ. ಬಂದವ್ರಿಗೆ ಫೋನಲ್ಲೇ ಹೇಳಿಡಿ, ಎತ್ಕೊಂಡು ಮುತ್ತಿಡಬಾರದು, ತುತ್ತು ತಿನ್ನಿಸಬಾರದು, ಅವಳಾಗೇ ಬಂದ್ರೆ ಮಾತಾಡಿಸ್ಬೇಕು, ಎಲ್ಲಿಂದ ತಂದ್ರಿ ಎಷ್ಟು ದಿನ ಆಯ್ತು ಅಂತ ಮಗು ಎದುರಿಗೆ ಕೇಳಬಾರದು. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ, ಮುಂದಿನ ದಸರಾಗೆ ಸರಿಹೋಗತ್ತೆ. ಮನೇಲಿ ಒಂದು ಮೂಲೆ ಅವಳದೇ ಅಂತ ಬಿಡಿ, ಹೊದಿಕೆ, ಡಬ್ಬಿ, ಆಲ್ಬಮ್ ಅಲ್ಲಿರಲಿ, ಸಾಕಾದಾಗ ಹೋಗಿ ಕೂತ್ಕೊಳ್ಳೋಕೆ. ಊಟ, ಸ್ನಾನ, ನಿದ್ದೆ ಸಮಯ ಮಾತ್ರ ಯಾರು ಬಂದ್ರೂ ಬದಲಾಗೋದು ಬೇಡ.

ಯಾವಾಗ ಕಮ್ಮಿ ಆಗತ್ತೆ ಅಂತ ಮೊದ್ಲು ಕೇಳಿದ್ರಿ. ಒಂದೊಂದು ಭಯ ಒಂದೊಂದು ಹೊತ್ತಿಗೆ ಹೋಗತ್ತೆ, ಸ್ನಾನದ್ದು ಬೇಗ, ಊಟದ್ದು ನಿಧಾನ, ಬಿಟ್ಟು ಹೋಗ್ತಾರೆ ಅನ್ನೋದು ವರ್ಷಗಟ್ಲೆ ಆಗಾಗ ತಲೆ ಎತ್ತತ್ತೆ, ಹೊಸ ಸ್ಕೂಲು, ಮನೆ ಬದಲಾಯ್ಸೋದು, ನಿಮಗೆ ಜ್ವರ ಬಂದು ಮಲಗಿದಾಗ ಎಲ್ಲಾ. ಒಂದು ನೋಟ್‌ಬುಕ್ಕಲ್ಲಿ ರಾತ್ರಿ ಎದ್ದ ಹೊತ್ತು, ಅವತ್ತಿನ ದಿನ ಹೇಗಿತ್ತು ಅಂತ ಎರಡು ಸಾಲು ಬರೆದಿಡಿ, ಫಾಲೋಅಪ್‌ಗೆ ಬಂದವ್ರಿಗೂ ಡಾಕ್ಟರ್‌ಗೂ ಅದು ತುಂಬಾ ಉಪಯೋಗ.

ಮದ್ದೂರ್_ಅಪ್ಪ

ಅಕ್ಕಾ ಅವರೆಕಾಯಿನೇ ಆಗ್ಬೇಕು ಅಂತಿಲ್ಲ, ಬೆಳ್ಳುಳ್ಳಿ ಆದ್ರೂ ಆಯ್ತದೆ. ದಸರಾ ಕಳ್ದ ಮ್ಯಾಕೆ ಒಂದಿನ ನಮ್ಮೂರ್ಗೆ ಕರ್ಕೊಂಡು ಬನ್ನಿ, ಆಲೆಮನೆ ನಡೀತಿದ್ರೆ ಬಿಸಿ ಬೆಲ್ಲ ತಿನ್ನಿಸ್ಬೋದು. ನಮ್ಮುಡುಗ ಇರ್ತಾನೆ, ಕರುಗಳವೆ. ಬರೋಕ್ ಮುಂಚೆ ಒಂದು ಮೆಸೇಜ್ ಹಾಕಿ.